ಮೋರ್‌ಬಾತಿನ ಲೆಕ್ಕ, ಮಾರಿಕುಪ್ಪಂನ ಬಾಕಿ

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತ್ಯದಲ್ಲಿ ಮೋರ್‌ಬಾತ್ ಎಂಬ ಹಳ್ಳಿಯಿದೆ. 16ನೇ ಶತಮಾನದಲ್ಲಿ ಅಲ್ಲಿದ್ದದ್ದು 33 ಕುಟುಂಬ. ಕುರಿ ಸಾಕಣೆಯೇ ಜೀವನ. 1520ರಲ್ಲಿ ಆ ಊರಿನ ಚರ್ಚಿಗೆ ಕ್ರಿಸ್ಟೋಫರ್ ಟ್ರಿಕಿ ಎಂಬ ಪಾದ್ರಿ ಬಂದರು. 1574ರಲ್ಲಿ ಕಣ್ಣು ಮುಚ್ಚುವವರೆಗೂ ಅಲ್ಲಿಂದ ಕದಲಲಿಲ್ಲ. ಈ 54 ವರ್ಷಗಳಲ್ಲಿ ಇಂಗ್ಲೆಂಡಿನ ಧರ್ಮ ನಾಲ್ಕು ಸಲ ಮಗುಚಿಕೊಂಡಿತು. ಎಂಟನೇ ಹೆನ್ರಿ ರೋಮಿನ ಪೋಪರ ಸಂಬಂಧ ಕಡಿದುಕೊಂಡ. ಅವನ ಮಗ ಆರನೇ ಎಡ್ವರ್ಡ್ ಸಂತರ ಪ್ರತಿಮೆಗಳನ್ನೂ ಲ್ಯಾಟಿನ್ ಪೂಜೆಯನ್ನೂ ತೆಗೆಸಿಹಾಕಿದ. ಮೇರಿ ರಾಣಿ ಎಲ್ಲವನ್ನೂ ವಾಪಸು ತಂದಳು. ಎಲಿಜಬೆತ್ ಬಂದು ಮತ್ತೆ ತೆಗೆಸಿದಳು. ಟ್ರಿಕಿ ಪಾದ್ರಿ ಇದಿಷ್ಟನ್ನೂ ಒಂದೇ ಪೀಠದ ಮುಂದೆ ನಿಂತು ಕಂಡರು. ಜೊತೆಗೆ ಚರ್ಚಿನ ಜಮಾಖರ್ಚನ್ನು ಕೈಯಾರೆ ಬರೆದಿಟ್ಟರು. ಕೇಂಬ್ರಿಜ್‌ನ ಇತಿಹಾಸಕಾರ ಈಮನ್ ಡಫಿ ಆ ಲೆಕ್ಕದ ಪುಸ್ತಕವನ್ನೇ ಹಿಡಿದು 2001ರಲ್ಲಿ 'ದ ವಾಯ್ಸಸ್ ಆಫ್ ಮೋರ್‌ಬಾತ್' ಬರೆದರು. ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಧಾರ್ಮಿಕ ಇತಿಹಾಸ ಬರೆಯಲು ಹೊರಟವರು ಮೊದಲು ಓದಬೇಕಾದ ಪುಸ್ತಕ ಇದು ಎಂಬುದು ನನ್ನ ವಾದ. ಓದಿದ ಮೇಲೆ ಒಂದು ಮುಖ್ಯ ವಿಷಯದಲ್ಲಿ ಡಫಿಯವರ ಜೊತೆ ಜಗಳವನ್ನೂ ಆಡಬೇಕಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಟ್ರಿಕಿಯವರ ಲೆಕ್ಕದ ಪುಸ್ತಕದಲ್ಲಿ ದೇವತಾಶಾಸ್ತ್ರದ ಒಂದು ಸಾಲೂ ಇಲ್ಲವೆನ್ನಬಹುದು. ಇರುವುದು ಕುರಿ, ಉಣ್ಣೆ, ಮೇಣದ ಬತ್ತಿ, ದುರಸ್ತಿಯ ಖರ್ಚು. ಊರಿನ ಯುವಕರಿಗೊಂದು ನಿಧಿ, ಮದುವೆಯಾಗದ ಹೆಣ್ಣುಮಕ್ಕಳಿಗೊಂದು ನಿಧಿ, ಸಂತರ ಹೆಸರಿನಲ್ಲಿ ಬೇರೆ ನಿಧಿ. ಚರ್ಚಿನ ಕುರಿಗಳನ್ನು ಮನೆಮನೆಗೆ ಹಂಚಿ ಮೇಯಿಸುತ್ತಿದ್ದರು. ಉಣ್ಣೆ ಮಾರಿ ಬಂದ ದುಡ್ಡು ಸಂತರ ಮುಂದಿನ ದೀಪಕ್ಕೆ. ನಿಧಿ ನೋಡಿಕೊಳ್ಳುವ ಹೊಣೆ ಸರದಿಯಂತೆ ಸುತ್ತುತ್ತಿತ್ತು, ಹೆಂಗಸರಿಗೂ ಬರುತ್ತಿತ್ತು. ವರ್ಷಕ್ಕೊಮ್ಮೆ ಪಾದ್ರಿ ಲೆಕ್ಕವನ್ನು ಊರವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಯಾರ ಸರದಿ ಮುಗಿಯಿತು, ಯಾರ ಬಾಕಿ ಉಳಿಯಿತು, ಯಾರು ಸಾಯುವಾಗ ಚರ್ಚಿಗೆ ಏನು ಬಿಟ್ಟುಹೋದರು ಎಂಬುದು ಎಲ್ಲರ ಕಿವಿಗೂ ಬೀಳುತ್ತಿತ್ತು.

ಅದರಲ್ಲಿ ಕಪ್ಪು ಪೂಜಾವಸ್ತ್ರದ ಕಥೆಯೊಂದು ಬರುತ್ತದೆ. ತೀರಿಕೊಂಡವರಿಗಾಗಿ ಪೂಜೆ ಮಾಡುವಾಗ ಧರಿಸಲು ಒಂದು ಒಳ್ಳೆಯ ಕಪ್ಪು ವಸ್ತ್ರ ಬೇಕೆಂದು ಟ್ರಿಕಿಯವರಿಗೆ ಆಸೆ. ಬಡ ಊರು, ಕೇಳಿದ ತಕ್ಷಣ ಬರುವಂಥದ್ದಲ್ಲ. ತಮ್ಮ ಪಾಲಿಗೆ ಬರಬೇಕಾದ ಸಣ್ಣಪುಟ್ಟ ಆದಾಯವನ್ನೂ ಅದಕ್ಕೇ ಬಿಟ್ಟುಕೊಟ್ಟು, ಊರವರ ಕಾಸಿಗೆ ಕಾಸು ಸೇರಿಸಿ, ಸುಮಾರು 20 ವರ್ಷ ಕಾದು 1547ರಲ್ಲಿ ಕೊಂಡರು. ಅದೇ ವರ್ಷ ಎಡ್ವರ್ಡ್ ಪಟ್ಟಕ್ಕೆ ಬಂದ. ನೋಡನೋಡುತ್ತ ಸತ್ತವರಿಗಾಗಿ ಪೂಜೆ ಮಾಡುವುದೇ ಅಪರಾಧವಾಯಿತು. ಸುಧಾರಣೆಯ ಚರಿತ್ರೆಗಳಲ್ಲಿ ಇದು 'ಮೃತರ ಪೂಜೆಯನ್ನು ರದ್ದುಪಡಿಸಲಾಯಿತು' ಎಂಬ ಒಂದು ವಾಕ್ಯ. ಮೋರ್‌ಬಾತಿನ ಲೆಕ್ಕದಲ್ಲಿ ಅದಕ್ಕೆ 20 ವರ್ಷದ ತೂಕವಿದೆ.

1549ರ ಜೂನ್ 9ರಂದು ಇಂಗ್ಲಿಷಿನ ಹೊಸ ಪ್ರಾರ್ಥನಾ ಪುಸ್ತಕ ಜಾರಿಗೆ ಬಂತು. ಮರುದಿನವೇ ಡೆವನ್‌ನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಗ್ರಾಮಸ್ಥರು ತಮ್ಮ ಪಾದ್ರಿಯಿಂದ ಹಳೆಯ ಪೂಜೆಯನ್ನೇ ಮಾಡಿಸಿದರು. ಪಕ್ಕದ ಕಾರ್ನ್‌ವಾಲಿನವರು ಬಾಡ್ಮಿನ್‌ನಲ್ಲಿ ಸೇರಿ ಎಕ್ಸೆಟರ್ ಕಡೆಗೆ ಹೊರಟರು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದು, ಈ ಹೊಸ ಪೂಜೆ ನಮಗೆ ಬೇಡ ಎಂಬುದು ಅವರ ಬೇಡಿಕೆಗಳಲ್ಲೊಂದು. ಆಗಸ್ಟ್ ಹೊತ್ತಿಗೆ ಸರ್ಕಾರದ ಸೈನ್ಯ ದಂಗೆಯನ್ನು ರಕ್ತದಲ್ಲಿ ಅದ್ದಿ ಮುಗಿಸಿತು. ಮೋರ್‌ಬಾತ್ ತನ್ನ ಐವರು ಯುವಕರಿಗೆ ಆಯುಧ, ಹಣ ಕೊಟ್ಟು ಬಂಡುಕೋರರ ಶಿಬಿರಕ್ಕೆ ಕಳಿಸಿತ್ತು. ಅದರ ಖರ್ಚನ್ನೂ ಟ್ರಿಕಿ ಚರ್ಚಿನ ಲೆಕ್ಕದಲ್ಲಿ ಬರೆದಿದ್ದಾರೆ! ರಾಜದ್ರೋಹಕ್ಕೆ ಬಂದ ಖರ್ಚು, ಉಳಿದೆಲ್ಲ ಖರ್ಚಿನ ನಡುವೆ. ಮೇಲಿನಿಂದ ನೋಡಿದರೆ ಮೋರ್‌ಬಾತ್ ಪ್ರತಿ ಆಜ್ಞೆಗೂ ತಲೆಬಾಗಿದ ಊರು. ಲೆಕ್ಕ ಓದಿದಾಗ ಮಾತ್ರ ಆ ಊರು ಮಾತಾಡುತ್ತದೆ.

ಇದು ಊರಿಗಾಂಗೆ ಏಕೆ ಬೇಕು ಎಂದು ಕೇಳಬಹುದು. 1549ರಲ್ಲಿ ಹಳೆಯ ಪೂಜೆಗಾಗಿ ಸತ್ತ ಕಾರ್ನ್‌ವಾಲಿನ ಜನ ಎರಡು ಶತಮಾನ ಕಳೆಯುವಷ್ಟರಲ್ಲಿ ಜಾನ್ ವೆಸ್ಲಿಯ ಮೆಥಡಿಸ್ಟ್ ಉಪದೇಶಕ್ಕೆ ಒಲಿದರು. ಗ್ವೆನ್ನಾಪ್ ಎಂಬಲ್ಲಿ ಗಣಿ ಕುಸಿದು ಆಯಿತೆನ್ನಲಾದ ಬಟ್ಟಲಿನಾಕಾರದ ಹಳ್ಳದಲ್ಲಿ 1762ರಿಂದ 1789ರವರೆಗೆ ವೆಸ್ಲಿ ಮತ್ತೆ ಮತ್ತೆ ಪ್ರಸಂಗ ಮಾಡಿದರು. ಅದೇ ಗ್ವೆನ್ನಾಪಿನ ತಾಮ್ರದ ಗಣಿಗಳನ್ನು 19ನೇ ಶತಮಾನದ ಆರಂಭದಲ್ಲಿ ನಡೆಸಿದವರು ಜಾನ್ ಟೇಲರ್. ಅವರ ವಂಶದವರ ಸಂಸ್ಥೆ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. ಕಾರ್ನ್‌ವಾಲಿನ ತಾಮ್ರ, ತವರದ ಬೆಲೆ ಕುಸಿದು ಕೆಲಸ ಕಳೆದುಕೊಂಡ ಗಣಿಗಾರರು ಲೋಕದ ನಾಲ್ಕು ದಿಕ್ಕಿಗೂ ಚದುರಿದಾಗ ಅವರಲ್ಲಿ ಕೆಲವರು ನಮ್ಮ ಶಾಫ್ಟುಗಳ ಉಸ್ತುವಾರಿಗೆ ಬಂದರು. ಅವರ ಕೈಕೆಳಗೆ ಕೆಲಸ ಮಾಡಲು ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಬಂದವರಲ್ಲಿ ಬಹುಪಾಲು ದಲಿತರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಹಾದಿ ಬಿತ್ತು. ಯುರೋಪಿನ ಮತಸುಧಾರಣೆಯ ಕೊನೆಯ ತುದಿ ಮತ್ತು ದಕ್ಷಿಣ ಭಾರತದ ಸುಧಾರಣೆಯ ಒಂದು ಮೊದಲ ತುದಿ, ಎರಡೂ ಈ ಹಾದಿಯ ಕೊನೆಯ ಕೆಲವು ನಿಲ್ದಾಣಗಳ ನಡುವೆ ಇವೆ.

ಈಗ ಇತಿಹಾಸಕಾರರ ನಡುವಿನ ಜಗಳಕ್ಕೆ ಬರೋಣ. 1964ರಲ್ಲಿ ಎ. ಜಿ. ಡಿಕನ್ಸ್ ಇಂಗ್ಲೆಂಡಿನ ಮತಸುಧಾರಣೆಯ ಕುರಿತು ಬರೆದ ಪುಸ್ತಕ ಬಹುಕಾಲ ಪ್ರಮಾಣಗ್ರಂಥದಂತೆ ನಡೆಯಿತು. ಹಳೆಯ ಚರ್ಚು ಸವೆದಿತ್ತು, ಜನ ಬೇಸತ್ತಿದ್ದರು, ಬೈಬಲ್ಲು ಅವರ ಭಾಷೆಯಲ್ಲಿ ಕೈಗೆ ಬಂದಾಗ ಮನಸಾರೆ ಬರಮಾಡಿಕೊಂಡರು ಎಂಬುದು ಅದರ ಒಟ್ಟು ಧಾಟಿ. ಡಫಿ 1992ರಲ್ಲಿ 'ದ ಸ್ಟ್ರಿಪಿಂಗ್ ಆಫ್ ದ ಆಲ್ಟರ್ಸ್' ಬರೆದು ಅದನ್ನು ಬುಡಮೇಲು ಮಾಡಿದರು. ಉಯಿಲುಗಳು, ಪ್ರಾರ್ಥನಾ ಪುಸ್ತಕಗಳ ಅಂಚಿನ ಬರಹ, ಚರ್ಚಿನ ಲೆಕ್ಕ, ಬಣ್ಣದ ಗಾಜು ಇವನ್ನೆಲ್ಲ ಜೋಡಿಸಿ, ಹಳೆಯ ಧರ್ಮ ಸಾಯುತ್ತಿರಲಿಲ್ಲ, ಜನರ ಕೈಯಲ್ಲಿ ಜೀವಂತವಾಗಿತ್ತು, ಅದನ್ನು ಪ್ರಭುತ್ವ ಬಲವಂತದಿಂದ ಕಿತ್ತುಹಾಕಿತು ಎಂದು ತೋರಿಸಿದರು. ಡಫಿ ಐರ್ಲೆಂಡಿನ ಕ್ಯಾಥೊಲಿಕರು, ಪಕ್ಷಪಾತ ಎಂದವರಿದ್ದಾರೆ. ಆದರೆ ಅವರು ಮುಂದಿಟ್ಟ ಸಾಕ್ಷ್ಯವನ್ನು ಬದಿಗಿಟ್ಟು ಆ ಕಾಲದ ಬಗ್ಗೆ ಬರೆಯುವುದು ಇವತ್ತು ಯಾರಿಗೂ ಸಾಧ್ಯವಿಲ್ಲ.

ನನ್ನ ತಕರಾರು ಸಾಕ್ಷ್ಯದ ಬಗ್ಗೆ ಅಲ್ಲ. ಮೋರ್‌ಬಾತಿನ ಹಳೆಯ ವ್ಯವಸ್ಥೆಯ ಮೇಲೆ ಡಫಿಯವರಿಗಿರುವ ಪ್ರೀತಿಗೆ ಆಧಾರವಿದೆ: ಅಲ್ಲಿ ಪ್ರತಿ ಮನೆಗೂ ಸರದಿಯಿತ್ತು. ಬಡವನ ಕುರಿಯೂ ಲೆಕ್ಕಕ್ಕೆ ಬರುತ್ತಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೂ ತೇರಿಗೂ ಲೆಕ್ಕವಿತ್ತು, ಸರದಿಯಿತ್ತು, ಹಕ್ಕುದಾರಿಕೆ ಇತ್ತು. ಆದರೆ ಆ ಸರದಿಯ ಪಟ್ಟಿಯಲ್ಲಿ ಎಂದೂ ಹೆಸರು ಬಾರದವರು ಊರಾಚೆಯ ಕೇರಿಗಳಲ್ಲಿದ್ದರು. ತಮಟೆ ಬಡಿಯುವ ಕೆಲಸ ಅವರದು, ತೇರಿನ ಹಗ್ಗ ಮುಟ್ಟುವ ಹಕ್ಕು ಅವರದಲ್ಲ. ಬರ, ಸಾಲ, ಜೀತಗಳಿಂದ ಬಿಡಿಸಿಕೊಂಡು ಗಣಿಗೆ ಬಂದವರಲ್ಲಿ ಇಂಥವರೇ ಹೆಚ್ಚು. ಅವರಿಗೆ ಕಳೆದುಕೊಳ್ಳಲು ಕಪ್ಪು ಪೂಜಾವಸ್ತ್ರ ಇರಲಿಲ್ಲ. ಸುಧಾರಣೆಯೆಂದರೆ ಜನ ಕಟ್ಟಿಕೊಂಡಿದ್ದನ್ನು ಮೇಲಿನವರು ಕೆಡವುವುದು ಎಂಬ ಚಿತ್ರವನ್ನು ಇಡಿಯಾಗಿ ಇಲ್ಲಿಗೆ ತಂದರೆ, ಇಲ್ಲಿನ ಜನ ತಾವೇ ಮುಂದೆ ನಿಂತು ಮಾಡಿದ ಸುಧಾರಣೆ ಕಣ್ಣಿಗೆ ಬೀಳುವುದೇ ಇಲ್ಲ.

ಆ ಸುಧಾರಣೆ ಮಾರಿಕುಪ್ಪಂನದು. ಮದರಾಸಿನ ಸಿದ್ಧವೈದ್ಯ, ವಿದ್ವಾಂಸ ಅಯೋತಿದಾಸ ಪಂಡಿತರು (1845–1914) 1898ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ನೆರವಿನಿಂದ ಶ್ರೀಲಂಕೆಗೆ ಹೋಗಿ ಬೌದ್ಧರಾಗಿ ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. ಜಾತಿಯಿಂದ ಹೊರದೂಡಲ್ಪಟ್ಟವರು ಮೂಲತಃ ಬೌದ್ಧರು, ಆ ಧರ್ಮವನ್ನು ಬಿಡದ್ದಕ್ಕೇ ಅವರನ್ನು ಕೀಳಾಗಿಸಿದರು ಎಂಬುದು ಅವರ ಪ್ರತಿಪಾದನೆ. 1907ರಲ್ಲಿ ಅವರು 'ಒರು ಪೈಸಾ ತಮಿಳನ್' ವಾರಪತ್ರಿಕೆ ಶುರುಮಾಡಿದರು. ಒಂದು ವರ್ಷದ ನಂತರ ಅದು ಬರಿಯ 'ತಮಿಳನ್' ಆಯಿತು. ಈ ಸಂಘದ ಶಾಖೆ ಗಟ್ಟಿಯಾಗಿ ಬೇರೂರಿದ ಜಾಗಗಳಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳು ಮುಖ್ಯವಾದವು. ಪಂಡಿತರು ತೀರಿಕೊಂಡ ಮೇಲೆ ಜಿ. ಅಪ್ಪಾದೊರೈ ಮುಂತಾದವರು ಇಲ್ಲಿಂದಲೇ ಕೆಲಸ ಮುಂದುವರಿಸಿದರು. 1920ರ ದಶಕದಲ್ಲಿ 'ತಮಿಳನ್' ಮತ್ತೆ ಹೊರಟದ್ದು ಚಿನ್ನದ ಗಣಿಯಿಂದ. ಪಂಡಿತರ ಬರಹಗಳನ್ನು ಅಚ್ಚುಹಾಕಿ ಉಳಿಸಿದ್ದೂ ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ್ ಅಂಬೇಡ್ಕರರು ಬೌದ್ಧ ದೀಕ್ಷೆ ಪಡೆಯುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಗಣಿಯ ಕೂಲಿಕಾರರು ಬುದ್ಧನ ಹೆಸರಿನಲ್ಲಿ ಸಂಘ ಕಟ್ಟಿದ್ದರು. ಜಿ. ಅಲೋಷಿಯಸ್ 1998ರಲ್ಲಿ ಈ ಚಳವಳಿಯ ಬಗ್ಗೆ ಪುಸ್ತಕ ಬರೆದರು. ಅದೇ ವರ್ಷ ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಕೋಲಾರದ ಗಣಿ ಕಾರ್ಮಿಕರ ಬದುಕು, ರಾಜಕೀಯಗಳನ್ನು ಎತ್ತಿ ತೋರಿಸಿತು. ಇಬ್ಬರೂ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಓದುಗರಿಗೆ ಕೋಲಾರ ಎಂದರೆ ಚಿನ್ನ, ಈಚೆಗೆ ಸಿನಿಮಾ. ಕರ್ನಾಟಕದ ನೆಲದ ಮೇಲೆ ನಡೆದ ಈ ಬೌದ್ಧ ಪುನರುತ್ಥಾನ ನಮ್ಮ ಶಾಲೆಯ ಪಠ್ಯದಲ್ಲಿ ಒಂದು ಸಾಲಿಗೂ ಬಾಳಲಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಹಾಗೆಂದು ಇಲ್ಲಿನ ಚರ್ಚುಗಳ ಕಥೆ ಸರಳವೆಂದು ತಿಳಿಯಬಾರದು. ಚಾಂಪಿಯನ್ ರೀಫ್‌ನ ಕ್ಯಾಥೊಲಿಕ್ ಚರ್ಚು ವಿಜಯಮಾತೆಗೆ ಅರ್ಪಿತವಾದದ್ದು. 1571ರ ಅಕ್ಟೋಬರ್ 7ರಂದು ಲೆಪಾಂಟೋ ಸಮುದ್ರ ಕಾಳಗದಲ್ಲಿ ತುರ್ಕರ ನೌಕಾಪಡೆ ಸೋತಾಗ ಐದನೇ ಪಿಯಸ್ ಪೋಪರು ಶುರುಮಾಡಿದ ಹಬ್ಬದಿಂದ ಬಂದ ಭಕ್ತಿ ಅದು. ಟ್ರೆಂಟ್ ಮಹಾಸಭೆ (1545–63) ಮುಗಿದ ಹೊಸದರಲ್ಲಿ, ಕ್ಯಾಥೊಲಿಕ್ ಜಗತ್ತು ತನ್ನನ್ನು ತಾನು ತಿದ್ದಿಕೊಂಡು ಎದ್ದು ನಿಲ್ಲುತ್ತಿದ್ದ ಕಾಲದ ಭಕ್ತಿ. ಅದೇ ಕಾಲದ ಹುರುಪು ಯೇಸುಸಭೆಯ ಪಾದ್ರಿಗಳನ್ನು ಇಲ್ಲಿಗೂ ತಂದಿತು. 1606ರಲ್ಲಿ ರೊಬೆರ್ತೊ ದೆ ನೊಬಿಲಿ ಮಧುರೈಗೆ, 1649ರಲ್ಲಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ನೊಬಿಲಿ ಬ್ರಾಹ್ಮಣ ಸಂನ್ಯಾಸಿಯ ಉಡುಗೆ ತೊಟ್ಟರು, ಮಾಂಸ ಬಿಟ್ಟರು, ಮೇಲುಜಾತಿಯವರೊಡನೆ ಅವರದೇ ಶಾಸ್ತ್ರದ ಮಾತಿನಲ್ಲಿ ಚರ್ಚಿಸಿದರು. ಇದನ್ನು ಸಂಸ್ಕೃತಿಗಳ ಸಂವಾದವೆಂದು ಹೊಗಳುವ ರೂಢಿಯಿದೆ. ಹೊಗಳಿಕೆಯಲ್ಲಿ ಸತ್ಯಾಂಶವೂ ಇದೆ. ಆದರೆ ಆ ಪದ್ಧತಿಯ ಬೆಲೆ ತೆತ್ತವರು ಬೇರೆ. ಮೇಲುಜಾತಿಯವರ ಗುರು ಹೊಲೆಯರ, ಪರಯರ ಮನೆಗೆ ಹೋದರೆ ಮೈಲಿಗೆ, ಆದ್ದರಿಂದ ಹೋಗುತ್ತಿರಲಿಲ್ಲ. 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೊ ಪಾಂಡಿಚೇರಿಯಲ್ಲಿ ಈ ಆಚರಣೆಗಳನ್ನು ಖಂಡಿಸಿ ಆಜ್ಞೆ ಹೊರಡಿಸಿದರು. ವ್ಯಾಜ್ಯ 40 ವರ್ಷ ನಡೆಯಿತು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಅಂತಿಮ ತೀರ್ಪು ಕೊಟ್ಟು, ಸಾಯುತ್ತಿರುವ ಪರಯನ ಮನೆಯೊಳಗೆ ಹೋಗಿ ಸಂಸ್ಕಾರ ಕೊಡಲೇಬೇಕು ಎಂದರು. ಅದಕ್ಕೆ ಕಂಡುಕೊಂಡ ಉಪಾಯವೇನು? ಅವರಿಗೆಂದೇ ಬೇರೆ ಪಾದ್ರಿಗಳ ನೇಮಕ! ರೋಮಿನ ಆಜ್ಞೆ ಕಾಗದದಲ್ಲಿ ಗೆದ್ದು ಹೊಸ್ತಿಲಲ್ಲಿ ಸೋತಿತು.

ಈ ವಿವಾದದ ಬಗ್ಗೆ ಬಂದಿರುವ ವಿದ್ವತ್ತು ಆಳವಾದದ್ದು; ಇನೆಸ್ ಜುಪಾನೊವ್ ಅವರ 'ಡಿಸ್ಪ್ಯೂಟೆಡ್ ಮಿಷನ್' (1999) ಅದರಲ್ಲಿ ಮುಖ್ಯವಾದದ್ದು. ಆದರೂ ಆ ವಿವಾದದ ಕಾಗದಗಳಲ್ಲಿ ಪಾದ್ರಿಗಳ ಪತ್ರ, ಪೋಪರ ಆಜ್ಞೆ, ಬ್ರಾಹ್ಮಣರ ಸಾಕ್ಷ್ಯ ಧಾರಾಳವಾಗಿ ಸಿಗುತ್ತವೆ. ಹೊಸ್ತಿಲಿನ ಒಳಗೆ ಸಾಯುತ್ತ ಮಲಗಿದ್ದವನ ಮಾತು ಸಿಗುವುದಿಲ್ಲ. 1799ರ ನಂತರ ಮೈಸೂರು ಸೀಮೆಯಲ್ಲಿ ಎರಡು ದಶಕ ಕಳೆದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹಿಂದೂಗಳ ಮತಾಂತರ ಅಸಾಧ್ಯವೆಂದು ಸಾರಿಬಿಟ್ಟರು. ಮೇಲುಜಾತಿಯ ಮನಸ್ಸು ಬದಲಾಗದಿದ್ದರೆ ಯಾವುದೂ ಬದಲಾಗದು ಎಂಬ ನಂಬಿಕೆ ಅದರ ಅಡಿಯಲ್ಲಿದೆ. ಆ ಶತಮಾನ ಮುಗಿಯುವಷ್ಟರಲ್ಲಿ ದಕ್ಷಿಣ ಭಾರತದ ಕೇರಿಕೇರಿಗಳೇ ಚರ್ಚಿಗೆ ಬಂದವು. ಮಾರಿಕುಪ್ಪಂನವರು ಚರ್ಚನ್ನೂ ದಾಟಿ ಬುದ್ಧನ ಕಡೆ ನಡೆದರು. ಬದಲಾವಣೆ ಬಂದ ದಿಕ್ಕಿನ ಕಡೆ ದುಬಾಯ್ ಮುಖವೇ ಮಾಡಿರಲಿಲ್ಲ.

ಹಾಗಾದರೆ ಆ ದಿಕ್ಕಿನ ಚರಿತ್ರೆ ಬರೆಯಲು ನಮ್ಮಲ್ಲಿ ಟ್ರಿಕಿಯವರ ಪುಸ್ತಕದಂಥದ್ದು ಏನಿದೆ? ಚರ್ಚಿನ ರಿಜಿಸ್ಟರುಗಳಿವೆ. ಈ ರಿಜಿಸ್ಟರು ಎಂಬ ವಸ್ತುವೇ ಮತಸುಧಾರಣೆಯ ಕಾಲದ ಕೂಸು ಎಂಬುದನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ದಾಖಲಿಸಬೇಕೆಂದು ಆಜ್ಞೆ ಮಾಡಿದ. ಎದುರು ಪಾಳಯದ ಟ್ರೆಂಟ್ ಮಹಾಸಭೆ 1563ರಲ್ಲಿ ಮದುವೆಗೆ ಪಾದ್ರಿ ಮತ್ತು ಸಾಕ್ಷಿಗಳ ಸಮಕ್ಷಮ ಕಡ್ಡಾಯ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಡಲು, ಜ್ಞಾನಸ್ನಾನದಲ್ಲಿ ಜ್ಞಾನ ತಂದೆತಾಯಿಗಳ ಹೆಸರು ನಮೂದಿಸಲು ಹೇಳಿತು. ಜನರನ್ನು ಹದ್ದುಬಸ್ತಿನಲ್ಲಿಡುವುದು ಎರಡೂ ಕಡೆಯವರ ಉದ್ದೇಶ. ಆದರೆ ಮೂರು ಶತಮಾನ ದಾಟಿ ಆ ರೂಢಿ ಗಣಿಯ ಲೈನ್ ಮನೆಗಳಿಗೆ ಬಂದಾಗ ಅದರ ಗುಣವೇ ಬೇರೆಯಾಯಿತು. ಒಂದು ಸಾಲು ಎಂದರೆ ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಜ್ಞಾನ ತಂದೆತಾಯಿ. ಗಣಿ ಕಂಪನಿಯ ಕಣ್ಣಿಗೆ ಇದೇ ತಂದೆ ಚಿನ್ನ ಕದಿಯಬಲ್ಲ ಒಬ್ಬ ಕೂಲಿ. ಕಂಪನಿ ಅವನಿಂದ ಕೇಳಿದ್ದು ಹೆಬ್ಬೆಟ್ಟು. ಬೆರಳಚ್ಚಿನ ನೋಂದಣಿ ತಂದಾಗ ಕಾರ್ಮಿಕರು 1930ರಲ್ಲಿ ಮುಷ್ಕರ ಹೂಡಿದರು. ಚರ್ಚಿನ ಪುಸ್ತಕದಲ್ಲಿ ಅವನಿಗೆ ಹೆಂಡತಿಯಿದ್ದಾಳೆ, ಅವಳಿಗೆ ತನ್ನದೇ ಹೆಸರಿದೆ, ಮಗುವಿಗೆ ಜವಾಬ್ದಾರರಾಗಿ ನಿಂತ ನೆರೆಯವರಿದ್ದಾರೆ.

ಆ ನೆರೆಯವರ ಹೆಸರೇ ಇತಿಹಾಸಕಾರರಿಗೆ ಚಿನ್ನದ ಎಳೆ. ಜ್ಞಾನ ತಂದೆಯಾಗಿ ನಿಂತವನು ಅದೇ ಹಳ್ಳಿಯಿಂದ ಬಂದವನೇ, ಅದೇ ಶಾಫ್ಟಿನಲ್ಲಿ ಜೊತೆಗೆ ಇಳಿಯುವವನೇ? ತೆಲುಗು ಮನೆಯ ಮಗುವಿಗೆ ತಮಿಳು ಹೆಂಗಸು ಜ್ಞಾನ ತಾಯಿಯಾದದ್ದು ಯಾವಾಗಿನಿಂದ? ಜಾತಿ ದಾಟಿದ ಮದುವೆ ಸಾಕ್ಷಿಗಳು ಯಾವ ದಶಕದಲ್ಲಿ ಕಾಣಿಸಿಕೊಳ್ಳುತ್ತಾರೆ? ಸಮಾಧಿಯ ಪುಸ್ತಕದಲ್ಲಿ ಗಂಡಸರ ವಯಸ್ಸನ್ನು ಸಾಲಾಗಿ ಓದಿದರೆ ರಾಕ್‌ಬರ್ಸ್ಟ್ (ಗಣಿಯಾಳದ ಬಂಡೆ ಸಿಡಿತ) ಆದ ದಿನಗಳು ತಾವಾಗಿ ಎದ್ದು ಕಾಣುತ್ತವೆ. ಧೂಳಿನಿಂದ ಶ್ವಾಸಕೋಶ ಕೆಟ್ಟು ನಡುವಯಸ್ಸಿನಲ್ಲೇ ಹೋದವರೂ ಕಾಣುತ್ತಾರೆ. ಇತ್ತ ಬೌದ್ಧ ಸಂಘಗಳ ಚಂದಾ ಲೆಕ್ಕ, ಮದುವೆಯ ಕರೆಯೋಲೆ, ಕರಪತ್ರಗಳನ್ನು ಪಕ್ಕದಲ್ಲಿಟ್ಟರೆ ಒಂದೇ ಲೈನಿನ ಒಂದು ಮನೆ ಚರ್ಚಿನಲ್ಲಿ ಉಳಿದು ಮತ್ತೊಂದು ಮನೆ ಸಂಘಕ್ಕೆ ಹೋದದ್ದರ ಜಾಡು ಹತ್ತಬಹುದು. ಡಿಕನ್ಸ್ ಸರಿಯೋ ಡಫಿ ಸರಿಯೋ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಸಿಗದ ಉತ್ತರ ಇಲ್ಲಿ ಸಿಗಲು ಸಾಧ್ಯ. ಒಂದೇ ಜನಸಮುದಾಯದೊಳಗೆ, ಮೇಲಿನಿಂದ ಬಂದ ಧರ್ಮವನ್ನು ತಮ್ಮದಾಗಿಸಿಕೊಂಡವರೂ ತಾವೇ ಹೊಸ ಧರ್ಮ ಕಟ್ಟಿಕೊಂಡವರೂ ಗೋಡೆಗೆ ಗೋಡೆ ತಾಗಿಸಿ ಬಾಳಿದ್ದಾರೆ.

ಕನ್ನಡದ ವಿದ್ವತ್ತಿಗೆ ಈ ಕೆಲಸ ಹೊಸದೇನಲ್ಲ. ಎಂ. ಚಿದಾನಂದಮೂರ್ತಿಯವರು ಶಾಸನಗಳ ಸಾಂಸ್ಕೃತಿಕ ಅಧ್ಯಯನ ಮಾಡಿದಾಗ ರಾಜರ ಬಿರುದಾವಳಿಗಳಾಚೆ ಹೋಗಿ ದತ್ತಿ, ಎಣ್ಣೆ, ಗಾಣ, ಹೂದೋಟಗಳ ವಿವರದಿಂದ ಒಂದು ಸಮಾಜವನ್ನೇ ಎತ್ತಿ ನಿಲ್ಲಿಸಿದರು. ಡಫಿ ಮಾಡಿದ್ದೂ ಇದೇ ಬಗೆಯ ಕೆಲಸ. ಆದರೆ ಕ್ರೈಸ್ತರ ವಿಷಯಕ್ಕೆ ಬಂದಾಗ ನಮ್ಮ ಬರಹ ಪಾದ್ರಿಗಳ ಸಾಹಿತ್ಯಸೇವೆಯಲ್ಲೇ ನಿಂತುಬಿಟ್ಟಿದೆ: 1843ರ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು, ಬಾಸೆಲ್ ಮಿಷನ್ನಿನ ಅಚ್ಚುಕೂಟ. ಇವಕ್ಕೆಲ್ಲ ನಾವು ಋಣಿಗಳು, ನಿಜ. ಕನ್ನಡಕ್ಕೆ ನಿಘಂಟು ಕೊಟ್ಟವರನ್ನು ನೆನೆಯುತ್ತ, ಅದೇ ಚರ್ಚಿನ ಬೆಂಚುಗಳ ಮೇಲೆ, ಅನೇಕ ಕಡೆ ಬೆಂಚಿನ ಕೆಳಗೆ ನೆಲದ ಮೇಲೆ, ಕೂತವರನ್ನು ಮರೆತಿದ್ದೇವೆ. 1876–78ರ ಬರಗಾಲದ ಅನಾಥ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆನ್ಸ್‌ಟಿ ಸಾಕಿದರು, 1890ರಲ್ಲಿ ಆ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು ಎಂಬುದನ್ನು ಬರೆಯುತ್ತೇವೆ. ಆ ಮಕ್ಕಳು ದೊಡ್ಡವರಾಗಿ ಯಾರನ್ನು ಮದುವೆಯಾದರು, ಯಾವ ಊರಲ್ಲಿ ನೆಲೆ ನಿಂತರು ಎಂಬುದನ್ನು ಕೇಳುವುದಿಲ್ಲ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ರಿಜಿಸ್ಟರುಗಳಲ್ಲಿ ಖಾಸಗಿ ಬದುಕಿದೆ. ಯಾರ ಅಜ್ಜಿ ಯಾವಾಗ ಮತಾಂತರವಾದಳು, ಯಾವ ಜಾತಿಯಿಂದ ಬಂದಳು ಎಂಬುದನ್ನು ಈ ಕಾಲದಲ್ಲಿ ಹೊರಗೆಳೆದರೆ ಅದನ್ನು ಒಳ್ಳೆಯದಕ್ಕೇ ಬಳಸುತ್ತಾರೆಂಬ ಭರವಸೆ ಇಲ್ಲ. ಜಾತಿ ಪ್ರಮಾಣಪತ್ರ, ಮೀಸಲಾತಿ, ಮತಾಂತರದ ರಾಜಕೀಯಗಳ ನಡುವೆ ಬದುಕುತ್ತಿರುವ ಕುಟುಂಬಗಳ ಭಯವನ್ನು ಪಾಂಡಿತ್ಯದ ಹೆಸರಿನಲ್ಲಿ ತಳ್ಳಿಹಾಕುವಂತಿಲ್ಲ. ಅದಕ್ಕೆ ನನ್ನ ಉತ್ತರ ಇಷ್ಟು: 100 ವರ್ಷಕ್ಕಿಂತ ಹಳೆಯ ಪುಸ್ತಕಗಳಿಂದ ಶುರುಮಾಡಿ, ಹೆಸರುಗಳನ್ನು ಮರೆಮಾಡಿ ಪ್ರಕಟಿಸಿ, ಮೂಲ ಪ್ರತಿ ಚರ್ಚಿನ ಸುಪರ್ದಿಯಲ್ಲೇ ಇರಲಿ, ಕುಟುಂಬದವರು ಬೇಡವೆಂದರೆ ಬಿಡಿ. ಹಾಗೆ ಮಾಡಿದರೂ ಕೆಲಸ ನಿಲ್ಲುವುದಿಲ್ಲ. ಪುಸ್ತಕಗಳನ್ನು ಬೀರುವಿನಲ್ಲೇ ಹುಳುಗಳಿಗೆ ಬಿಟ್ಟರೆ ಯಾರ ಮಾನವೂ ಉಳಿಯುವುದಿಲ್ಲ, ಎಲ್ಲರ ನೆನಪೂ ಹೋಗುತ್ತದೆ.

ಕಾಲವೂ ನಮ್ಮ ಕಡೆಗಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಊರಿಗಾಂ, ಮಾರಿಕುಪ್ಪಂನ ಮಕ್ಕಳು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ವಾಪಸಾಗುತ್ತಾರೆ. ಕೆಲವರು ಅಲ್ಲೇ ಮನೆ ಮಾಡುತ್ತಾರೆ. ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ತಾತನ ಟ್ರಂಕಿನ ಕಾಗದ. ಸಂಘದ ರಸೀತಿ ಪುಸ್ತಕ, 'ತಮಿಳನ್'ನ ಹಳೆಯ ಸಂಚಿಕೆ, ಸಂಜೆ ಶಾಲೆಯ ಹಾಜರಿ ಪುಸ್ತಕ ಇದ್ದರೆ ಇಂಥ ಟ್ರಂಕುಗಳಲ್ಲೇ ಇರುತ್ತವೆ. ಇವುಗಳಲ್ಲಿ ಕನ್ನಡ ಕಡಿಮೆ. ತಮಿಳು, ಇಂಗ್ಲಿಷು, ಚರ್ಚಿನ ಪುಸ್ತಕಗಳಲ್ಲಿ ಲ್ಯಾಟಿನ್ನು ಹೆಚ್ಚು. ಭಾಷೆ ಬೇರೆ ಎಂಬ ಕಾರಣಕ್ಕೆ ಇದು ಕರ್ನಾಟಕದ ಚರಿತ್ರೆಯಲ್ಲ ಎಂದುಕೊಂಡದ್ದರಿಂದಲೇ ಇಷ್ಟು ಕಾಲ ಕನ್ನಡದಲ್ಲಿ ಯಾರೂ ಮುಟ್ಟಲಿಲ್ಲ. ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ, ಇಲ್ಲಿಗೆ ಸುಮಾರು 30 ಕಿಲೋಮೀಟರ್. ತಮಿಳು ಮನೆಮಾತಾಗಿದ್ದು ಕನ್ನಡದಲ್ಲಿ ಬರೆಯಬಲ್ಲ ಹುಡುಗ ಹುಡುಗಿಯರು ಗಣಿ ಪ್ರದೇಶದ ಮನೆಮನೆಯಲ್ಲೂ ಇದ್ದಾರೆ. ಅವರಲ್ಲಿ ಹತ್ತು ಜನರಿಗೆ ಸಂಶೋಧನಾ ವೇತನ, ಒಂದು ಸ್ಕ್ಯಾನರ್, ಚರ್ಚುಗಳ ಮತ್ತು ಬೌದ್ಧ ಸಂಘಗಳ ಹಿರಿಯರ ಒಪ್ಪಿಗೆ ಸಿಕ್ಕರೆ ಮೊದಲ ಸಂಪುಟದ ಕೆಲಸವನ್ನು ಈ ವರ್ಷವೇ ಶುರುಮಾಡಬಹುದು.